ಹೊಸ್ತಿಲು ದಾಟದ ಮಣಿ

ಆ ಊರ ಹೆಂಗಸರು ಕೊರಳ ಮಣಿಗೆ ಒಂದಕ್ಷರ ಉಸುರಿದರೆ ಸಾಕು, ಪೂರ್ತಿ ಮಾತನ್ನು ಅದೇ ಹೇಳುತ್ತಿತ್ತು. ಚಂಪವ್ವನ ಮಣಿ ಮಾತ್ರ ತವರುಮನೆಗಷ್ಟೇ ಒಗ್ಗಿತ್ತು. ಗಂಡನ ಮನೆಯಲ್ಲಿ ಅದು ಮೂಕ. ನೆಗೆಣ್ಣಿ ಶಿವಲೀಲಾಳ ಮಣಿ ಯಾರ ಮನೆಯಲ್ಲಾದರೂ ನುಡಿಯುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಚಂಪವ್ವನ ಹೊಟ್ಟೆ ಉರಿಯುತ್ತಿತ್ತು.

ಬಸುರಿ ನಾದಿನಿಯ ಕುಬಸದ ದಿನ ಶಿವಲೀಲಾ ಮಣಿಗೆ "ಗು" ಎಂದಳು. ಗಂಡನ ಹೆಸರು ಸೇರಿಸಿದ ಒಡಪು ಮಣಿಯಿಂದ ಸರಾಗವಾಗಿ ಹರಿಯಿತು. ಹೆಂಗಸರು ತಲೆದೂಗಿದರು.

"ಇನ್ನ ನೀ ಹೇಳವಾ ಚಂಪಿ," ಎಂದಳು ಅತ್ತೆ.

ಚಂಪವ್ವನ ಮಣಿಯನ್ನು ಸರಿಮಾಡಿದ್ದೇನೆ ಎಂದು ರಿಪೇರಿಯವನು ಹೇಳಿದ್ದ. ಅವಳು ಆಸೆಯಿಂದ "ಮೇ" ಎಂದಳು. ಮಣಿ ಸುಮ್ಮನಿತ್ತು. "ಮೇ, ಮೇ..."

"ಆಡಿನ ಮರಿ ಆದ್ಯೇನ ತಂಗಿ?" ಶಿವಲೀಲಾ ನಕ್ಕಳು.

ಚಂಪವ್ವ ಮಣಿಯನ್ನು ಕಿತ್ತಿಟ್ಟು ತಾನೇ ಬಾಯಿ ಬಿಟ್ಟಳು. "ಉಳ್ಳಾಗಡ್ಡಿ ಹೆಚ್ಚಿದರ ಕಣ್ಣೀರು, ಮೇಘಪ್ಪ ನಕ್ಕರ ಪನ್ನೀರು!"

ಪಡಸಾಲೆಯಲ್ಲಿದ್ದ ಮೇಘಪ್ಪ ಎದ್ದು ಬಂದು ಬಾಗಿಲಲ್ಲಿ ನಾಚಿ ನಿಂತ. ಶಿವಲೀಲಾ ಅವನ ಬೆನ್ನ ಹಿಂದಿನ ಪಡಸಾಲೆಯತ್ತ ಇಣುಕಿದಳು. ಅವಳ ಗಂಡ ತಲೆಯೆತ್ತದೆ ಎಲೆಗೆ ಸುಣ್ಣ ಸವರುತ್ತಿದ್ದ. ಅವಳು ಮಣಿಯನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿಕೊಂಡಳು.