ವೆಲ್ಡರನ ಮುಖವಾಡ

ಬೇಲಿಯಾಚೆಯವನ ಟೋಪಿ ಗಾಳಿಗೆ ಹಾರಿತು. ಹಿಡಿಯಲು ಅವನು ಈ ಕಡೆ ತಿರುಗಿದ. ಮೂಲಂಗಿ ಪಾತಿಯಲ್ಲಿ ಮಂಡಿಯೂರಿದ್ದ ಫೋಲ್ಕರ್ ಹಾಗೆಯೇ ಕಲ್ಲಾದ.

ಅವನು ಫಾಲ್ಕೊ. ಭಾನುವಾರ ಮಧ್ಯಾಹ್ನ ಒಂದೂವರೆ. ಈ ಹೊತ್ತಿಗೆ ಅವನು, ಶನಿವಾರ ರಾತ್ರಿ ಶುರುವಾದ ಕುಣಿತ ಭಾನುವಾರವಿಡೀ ನಿಲ್ಲದ ಹಳೆಯ ಬಾಯ್ಲರ್ ಕೋಣೆಯ ಕ್ಲಬ್ಬಿನಲ್ಲಿ, ವೆಲ್ಡರನ ಮುಖವಾಡ ತೊಟ್ಟು, ಸಾವಿರ ಜನರನ್ನು ಕುಣಿಸುತ್ತಿರಬೇಕಿತ್ತು. ಫೋಲ್ಕರನ ಹೆಸರಿನಲ್ಲಿ.

ಬರ್ಲಿನ್ ಗೋಡೆ ಬಿದ್ದಾಗ ಕೆಲಸ ಕಳೆದುಕೊಂಡ ವೆಲ್ಡರ್ ಫೋಲ್ಕರ್, ನಾಚಿಕೆಗೆ ಮುಖವಾಡ ತೊಟ್ಟೇ ಟೆಕ್ನೊ ಸಂಗೀತ ನುಡಿಸಲು ನಿಂತಿದ್ದ. ಮೂವತ್ತು ವರ್ಷ ಕ್ಲಬ್ಬಿನಲ್ಲಿ ಅವನ ಮುಖವನ್ನು ಯಾರೂ ಕಾಣಲಿಲ್ಲ. ಬಾಗಿಲಲ್ಲೇ ಫೋನಿನ ಕ್ಯಾಮೆರಾಕ್ಕೆ ಸ್ಟಿಕರ್ ಅಂಟಿಸುವುದರಿಂದ ಚಿತ್ರವೂ ಇಲ್ಲ. ಆಮೇಲೆ ಒಂದು ದಿನ ಅವನಿಗೆ ಮೌನ ಬೇಕೆನಿಸಿತು. ಶಿಷ್ಯ ಫಾಲ್ಕೊಗೆ ಮುಖವಾಡ ಕೊಟ್ಟು, ರೈಲು ಹಳಿ ಪಕ್ಕದ ಈ ಬಾಡಿಗೆ ತೋಟ ಹಿಡಿದ. ಹೆಂಡತಿ ಗೆಸಿನೆಗೆ ಹೇಳಲಿಲ್ಲ.

ಹೇಳುವಂತಿರಲಿಲ್ಲ. ಅವಳ ಅಪ್ಪ ಇಂಥದೇ ತೋಟಗಳ ಸಂಘದ ಅಧ್ಯಕ್ಷ; ಟೇಪು ಹಿಡಿದು ಬೇಲಿ ಅಳೆಯುತ್ತಲೇ ಸತ್ತವನು. "ನೀನು ಯಾವತ್ತು ಮೂಲಂಗಿ ಬೆಳೀತೀಯೋ ಅವತ್ತೇ ನಾನು ಹೊರಟೆ" ಎಂದು ಮದುವೆಯ ದಿನವೇ ಹೇಳಿದ್ದಳು. ಈಗ ಭಾನುವಾರಗಳಂದು ಚರ್ಚಿನ ಗಾಯನ ತಂಡಕ್ಕೆ ಹೋಗುತ್ತಾಳೆ. ಅವಳ ಚೀಲದಲ್ಲಿ ಕಿವಿಯ ಬಿರಡೆ ಸಿಕ್ಕಾಗ, "ಪಕ್ಕದೋಳ ಗಂಟಲು ವಿಪರೀತ" ಎಂದಿದ್ದಳು. ಮೊನ್ನೆ ಊಟದ ನಡುವೆ ಇನ್ನೊಂದು ಮಾತು ಹೇಳಿದಳು: "ಈಚೆಗೆ ನೀನು ತುಂಬಾ ಚೆನ್ನಾಗಿ ನುಡಿಸ್ತಿದೀಯಂತೆ."

ಫೋಲ್ಕರನ ಗಂಟಲಲ್ಲಿ ಆಲೂಗಡ್ಡೆ ಸಿಕ್ಕಿಕೊಂಡಿತ್ತು.

"ಇಲ್ಲೇನ್ ಮಾಡ್ತಿದೀಯೋ?" ಎಂದು ಈಗ ಬೇಲಿಯ ಮೇಲಿಂದ ಪಿಸುಗುಟ್ಟಿದ. ಭಾನುವಾರ ತೋಟದಲ್ಲಿ ದನಿ ಎತ್ತಿದರೆ ಸಂಘದಿಂದ ನೋಟಿಸು ಬರುತ್ತದೆ.

"ಟೊಮ್ಯಾಟೊ ಬೆಳೀತಿದೀನಿ, ಗುರುವೇ." ಫಾಲ್ಕೊ ಕೂಡ ಪಿಸುಗುಟ್ಟಿದ. "ನುಡಿಸೋದು ಬಿಟ್ಟು ಆರು ತಿಂಗಳಾಯ್ತು. ಆ ಸದ್ದಿಗೆ ತಲೆ ಸಿಡೀತಿತ್ತು."

"ಹಂಗಾದ್ರೆ ಅಲ್ಲಿ ನುಡಿಸ್ತಿರೋದು ಯಾರು?"

"ಯಾರಿಗ್ಗೊತ್ತು? ಒಂದು ಜಾಹೀರಾತು ಹಾಕಿದ್ದೆ. ಕ್ಲಬ್ಬಿನ ಹಿಂಬಾಗಿಲಲ್ಲಿ ಮುಖವಾಡ ಇಟ್ಟು ಬರ್ತೀನಿ. ಯಾರೋ ತಗೊಂಡು ನುಡಿಸ್ತಾರೆ. ಮುಖ ನೋಡಿಲ್ಲ."

"ಕತ್ತೆ!" ಫೋಲ್ಕರ್ ಗದರಿದ್ದೂ ಪಿಸುದನಿಯಲ್ಲೇ. "ಆ ಯಾರೋ ಬಾಯಿಬಿಟ್ರೆ ಗೆಸಿನೆ ಇವತ್ತೇ ಪೆಟ್ಟಿಗೆ ಕಟ್ತಾಳೆ. ನಡಿ, ಮುಖವಾಡ ವಾಪಸ್ ತಗೋಬೇಕು."

ಬೇಲಿಗಳ ನಡುವೆ ತುದಿಗಾಲಲ್ಲಿ ಓಡಿದರು. ಗೇಟು ದಾಟಿದ ಮೇಲೆ ಬೂಟು ಸದ್ದು ಮಾಡಿತು.

ಕ್ಲಬ್ಬಿನ ಬಾಗಿಲಲ್ಲಿದ್ದ ಕಾವಲಿನವಳು ಫಾಲ್ಕೊನ ಇಸ್ತ್ರಿ ಅಂಗಿ ನೋಡಿ ತಲೆಯಾಡಿಸಿದಳು. "ಇವತ್ತು ಬೇಡ." ಆಮೇಲೆ ಫೋಲ್ಕರನ ರಬ್ಬರ್ ಬೂಟು, ಕೆಸರು ಮೆತ್ತಿದ ಮಂಡಿ, ಕಿಸೆಯಲ್ಲಿನ ಕಳೆ ಕೀಳುವ ಪುಟ್ಟ ಗುದ್ದಲಿ ನೋಡಿದಳು. "ಭರ್ಜರಿ ವೇಷ, ತಾತಾ! ಹೋಗು ಒಳಗೆ."

ಒಳಗೆ ಸದ್ದು ಎದೆಗೆ ಗುದ್ದಿತು. ಅವನು ಜನರ ನಡುವೆ ನುಗ್ಗಿದ. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಆ ನುಡಿಸಾಣಿಕೆ ನಿಜಕ್ಕೂ ಚೆನ್ನಾಗಿತ್ತು. ಅವನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಕಿಚ್ಚು ಅವನನ್ನು ಮತ್ತೆ ಮುಂದಕ್ಕೆ ತಳ್ಳಿತು.

ವೇದಿಕೆ ಹತ್ತಿ, ಮುಖವಾಡದವರ ಭುಜ ಹಿಡಿದು ಜಗ್ಗಿದ.

ಮುಖವಾಡ ಮೇಲಕ್ಕೆದ್ದಿತು.

"ಮೂಲಂಗಿಗೆ ನೀರು ಹಾಕಿದ್ಯಾ?" ಎಂದಳು ಗೆಸಿನೆ, ಕಿವಿಯ ಬಿರಡೆ ತೆಗೆಯುತ್ತ.