ಮುಂದಿನ ಸಾಲು

"ಅಯ್ಯೋ ಮಾರಾಯ್ತಿ, ತಾರೀಖನ್ನ ತಗೊಂಡು ಹೋಗಿ ಅವರ ತೊಡೆ ಮೇಲೆ ಕೂರಿಸಿಬಿಟ್ಯಲ್ಲ!" ಮಲೇಷ್ಯಾದ ಪೆನಾಂಗಿನಲ್ಲಿ ಚೀನೀಯರ ಪ್ರೇತಮಾಸದ ಹಾಡುಕಚೇರಿ ನಡೆಸುವ ಮುದುಕ ಟಿಯಾಂಗ್ ಹಾಕ್ ಪೋಸ್ಟರಿನ ಮೇಲೆ ಬೆರಳಿಟ್ಟ.

ಪೋಸ್ಟರ್ ಮಾಡಿದ ಬೀ ಕಿಮ್ ಬಗ್ಗಿ ನೋಡಿದಳು. ಕಳೆದ ವರ್ಷದ ಫೋಟೋದಲ್ಲಿ ಮುಂದಿನ ಸಾಲಿನ ಕೆಂಪು ಕುರ್ಚಿಗಳು ಬರಿದಾಗಿದ್ದವು. ಜಾಗ ಸಿಕ್ಕಿತೆಂದು ತಾರೀಖನ್ನು ಅಲ್ಲೇ ದಪ್ಪಕ್ಷರದಲ್ಲಿ ತುಂಬಿದ್ದಳು.

"ಖಾಲಿ ಇತ್ತಲ್ಲ ಅಂಕಲ್?"

"ನಿನ್ನ ಕಣ್ಣಿಗೆ ಖಾಲಿ. ನಿಮ್ಮಜ್ಜಿ ಬಂದ್ರೆ ಎಲ್ಲಿ ಕೂರಬೇಕು?"

ಆ ತಿಂಗಳು ಹಾಡು ಕೇಳಲು ಮರಳಿ ಬರುವ ಸತ್ತವರಿಗೆಂದೇ ಬಿಡುವ ಸಾಲು ಅದು, ಗೊತ್ತಿದ್ದೂ ಮರೆತಿದ್ದಳು. ಗಾಯಕಿಯ ಮುಖವನ್ನು ಕುಗ್ಗಿಸಿ ತಾರೀಖನ್ನು ಮೇಲಕ್ಕೆತ್ತಿದಳು. ಮೊದಲು ಕಣ್ಣಿಗೆ ಬೀಳುವುದು ಯಾವುದೆಂದು ತಿಳಿಯಲು ಎಂದಿನಂತೆ ಹಿಂದೆ ಸರಿದು ಕಣ್ಣು ಕಿರಿದಾಗಿಸಿದಳು. ಗಾಯಕಿಯೂ ಅಲ್ಲ, ತಾರೀಖೂ ಅಲ್ಲ. ಕೆಂಪು ಕುರ್ಚಿಗಳು.

ಅವನ್ನು ಹಾಗೇ ಬಿಟ್ಟು ಟಿಯಾಂಗ್ ಹಾಕ್ ಕಡೆ ತಿರುಗಿದಳು.

"ಅಂಕಲ್, ಸ್ಪೀಕರ್ ಯಾವ ಕಡೆ ಇಡ್ತೀರಿ? ಅಜ್ಜಿಗೆ ಬಲಗಿವಿ ಮಾತ್ರ ಕೇಳೋದು."