ಕಡೇ ಡಬ್ಬಿ

ಸಿನಿಮಾ ತೋರಿಸಲಿದ್ದ ಸಭಾಂಗಣದಲ್ಲಿ ಲಾಡ್ಲೆಸಾಬ ಮೇನ್ ಸ್ವಿಚ್ಚಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡದ್ದನ್ನು ಕಂಡಾಗಲೇ ದೌಲತರಾಯನಿಗೆ ಸಂಶಯ ಬಂತು. ತಾನೂ ಕುರ್ಚಿ ಎಳೆದು ಅವನಿಗೆ ಅಂಟಿಕೊಂಡೇ ಕೂತ. ಮೂವತ್ತು ವರ್ಷ ಮಾತು ಬಿಟ್ಟವರು ಹೀಗೆ ಕೂತದ್ದು ನೋಡಿ ಆಳಂದದ ಜನ ಮುಸಿಮುಸಿ ನಕ್ಕರು.

ಜಗಳ ಇದೇ ಸಿನಿಮಾದ್ದು. ವಿಲಾಯತಿಯ ಬೋಳುತಲೆ ಪುಂಡರು ಕಪ್ಪು ಜನರನ್ನು ಹುಡುಕಿ ಹುಡುಕಿ ಬಡಿಯುವ ಕಥೆ. ಪುಂಡರನ್ನು ಮೆರೆಸುತ್ತದೆಂದು ಆಗಲೇ ಎಲ್ಲೆಡೆ ಗದ್ದಲವಾಗಿತ್ತು. ಎರಡು ಟಾಕೀಸಿಗೆ ಒಂದೇ ಪ್ರಿಂಟು. ಅಫಜಲಪುರದಲ್ಲಿ ಮ್ಯಾಟ್ನಿ ಮುಗಿದೊಡನೆ ದೌಲತರಾಯ ರೀಲಿನ ಡಬ್ಬಿಗಳನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿ ತರಬೇಕು. ಆಳಂದದಲ್ಲಿ ಆಪರೇಟರ್ ಲಾಡ್ಲೆಸಾಬ ಅವನ್ನು ಪರದೆಯ ಮೇಲೆ ಓಡಿಸಬೇಕು. ಮೂವತ್ತು ವರ್ಷದ ಹಿಂದಿನ ಆ ಸಂಜೆ ಪುಂಡರು ಕಪ್ಪು ಮುದುಕಿಯೊಬ್ಬಳ ಅಂಗಡಿ ಸುಟ್ಟು ಕೇಕೆ ಹಾಕಿ ನಗುತ್ತಿದ್ದಂತೆ ಪರದೆ ಬೆಳ್ಳಗಾಯಿತು. ಕೊನೆ ಎಲ್ಲಿ ಎಂದು ಜನ ಕುರ್ಚಿ ಎತ್ತಿದರು. ಲಾಡ್ಲೆಸಾಬ ಆಪರೇಟರ್ ಕೋಣೆಯ ಕಿಂಡಿಯಿಂದ ತಲೆ ಹಾಕಿ, ಕಡೇ ಡಬ್ಬಿ ಬಂದಿಲ್ಲ, ದೌಲತ ದಾರಿಯಲ್ಲಿ ಬೀಳಿಸಿಕೊಂಡಿದ್ದಾನೆ ಎಂದು ಕೂಗಿದ. ಟಾಕೀಸು ಉಳಿಯಿತು. ದೌಲತರಾಯನ ಕೆಲಸ ಹೋಯಿತು.

ಜನ ಅಫಜಲಪುರದ ದಾರಿಯ ಸೇತುವೆಗಳ ಕೆಳಗೆಲ್ಲ ಇಣುಕಿದರು. ಡಬ್ಬಿ ಸಿಗಲಿಲ್ಲ. ಲಾಡ್ಲೆಸಾಬನೇ ಅದನ್ನು ನುಂಗಿದ್ದಾನೆ ಎಂದು ದೌಲತರಾಯ ಊರೆಲ್ಲ ಸಾರಿದ. ಅಫಜಲಪುರದಲ್ಲಿ ಕಣ್ಣಾರೆ ಕಂಡೆನೆಂದು ಸಿನಿಮಾದ ಕೊನೆಯನ್ನೂ ಚಹಾದಂಗಡಿಯಲ್ಲಿ ಹೇಳುತ್ತ ಬಂದ: ಪುಂಡರ ನಾಯಕ ಹಸಿದು ಅದೇ ಮುದುಕಿಯ ಬಾಗಿಲಿಗೆ ಬರುತ್ತಾನೆ, ಅವಳು ಬೈಯದೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾಹಿಂಡಿ ಬಡಿಸುತ್ತಾಳೆ, ಅವನು ಬಿಕ್ಕಿ ಬಿಕ್ಕಿ ಅಳುತ್ತಾನೆ. ವಿಲಾಯತಿಯಲ್ಲಿ ಶೇಂಗಾಹಿಂಡಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳಬೇಕಾದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಈಗ ಲಾಡ್ಲೆಸಾಬನ ಮೊಮ್ಮಗಳು, ಕಾಲೇಜಿನಲ್ಲಿ ಪಾಠ ಹೇಳುವ ಯಾಸ್ಮೀನ, ಪೂರ್ತಿ ಸಿನಿಮಾ ತರಿಸಿದ್ದಳು. ನೋಡಿ ಚರ್ಚಿಸೋಣ ಎಂದಿದ್ದಳು. ಚರ್ಚೆ ಯಾರಿಗೆ ಬೇಕಿತ್ತು? ಡಬ್ಬಿಯ ವಿಷಯದಲ್ಲಿ ಸುಳ್ಳ ಯಾರೆಂದು ಇವತ್ತು ತೀರ್ಮಾನವಾಗಬೇಕಿತ್ತು. ದೌಲತರಾಯ ಇಸ್ತ್ರಿ ಅಂಗಿ ಹಾಕಿಕೊಂಡೇ ಬಂದಿದ್ದ. ಸಾಯುವ ಮುಂಚೆ ಹೆಸರು ತೊಳೆದುಕೊಳ್ಳಬೇಕೆಂಬ ಹಟ ಅವನದು.

ಅಂಗಡಿ ಸುಟ್ಟಿತು. ಪುಂಡರು ನಗತೊಡಗಿದರು. ಲಾಡ್ಲೆಸಾಬನ ಕೈ ಮೆಲ್ಲಗೆ ಸ್ವಿಚ್ಚಿನತ್ತ ಸರಿಯಿತು. ದೌಲತರಾಯ ಆ ಕೈಯನ್ನು ಗಪ್ಪನೆ ಹಿಡಿದ.

ಫಟ್ಟೆಂದು ಪರದೆ ಆರಿತು.

“ಈ ಸಲನೂ ಕಡೀ ಡಬ್ಬಿ ತಿಂದ್ರಲ್ರಿ,” ಎಂದು ಹಿಂದಿನಿಂದ ಯಾರೋ ಅಂದರು. ಇಡೀ ಸಭಾಂಗಣ ಗೊಳ್ಳೆಂದಿತು. ಯಾಸ್ಮೀನ ವೈರು ಹಿಡಿದು ಪರದಾಡುತ್ತಿದ್ದಳು. ಜನ ಕಾಯಲಿಲ್ಲ, ಕೊನೆಯನ್ನು ದೌಲತಕಾಕಾನೇ ಹೇಳಲಿ ಎಂದರು. ಅವನು ಎದ್ದು ನಿಂತು, ಮುದುಕಿ ಬಾಗಿಲು ತೆರೆದಲ್ಲಿಂದ ಎಲ್ಲವನ್ನೂ ಹೇಳಿದ. ಈ ಸಲ ಹಿಂಡಿಯ ಜೊತೆ ಗಟ್ಟಿಮೊಸರೂ ಇತ್ತು. ಜನ ಚಪ್ಪಾಳೆ ತಟ್ಟಿ, ಕಣ್ಣೊರೆಸಿಕೊಂಡು ಮನೆಗೆ ಹೊರಟರು.

ಆಗ ಲಾಡ್ಲೆಸಾಬ ಮೂವತ್ತು ವರ್ಷಗಳ ಮೇಲೆ ಮೊದಲ ಮಾತು ಆಡಿದ: “ಸ್ವಿಚ್ ನಾ ಒತ್ತಲಿಲ್ಲ ದೌಲತ, ನನ್ನ ಕೈ ಹಿಡಕೊಂಡು ನೀನೇ ಒತ್ತಿದಿ. ಅವತ್ತ ಜನರ ಕೈಯಾಗ ಕುರ್ಚಿ ನೋಡಿ ನಾ ಸುಳ್ಳ ಹೇಳಿದ್ದೆ. ಇನ್ನ ಅರ್ಧ ನಿಮಿಷ ಬಿಟ್ಟಿದ್ರ, ಆ ಡಬ್ಬಿ ಇರಲೇ ಇಲ್ಲಂತ ಎಲ್ಲಾರಿಗೂ ತಿಳೀತಿತ್ತು. ನಿನ್ನ ಹೆಸರು ಸಾಫ್ ಆಗ್ತಿತ್ತು.”

“ಸಿನಿಮಾ ಅಲ್ಲಿಗೇ ಮುಗೀತದಂತ ನಂಗ ಅವತ್ತೇ ಅಫಜಲಪುರದಾಗ ಗೊತ್ತಾಗಿತ್ತೋ ಲಾಡ್ಲೆ,” ಎಂದ ದೌಲತರಾಯ, “ಆದ್ರ ಆ ಪುಂಡರು ನಕ್ಕೋತ ಮನಿಗಿ ಹೋಗೂದು ನೋಡಿ ನಂಗ ತಡಕೊಳ್ಳಾಕ ಆಗಲಿಲ್ಲ.”